ಬಾಟ್ಲಿಯೊಳಗೆ ಎಷ್ಟು ಶಕ್ತಿ?

ದನ ಮೇವು ಬಿಟ್ಟರೆ ನಾವು ಡಾಕ್ಟ್ರಲ್ಲಿ ಮೊದಲು ಕೇಳುವುದು, 'ಒಂದು ಬಾಟ್ಲಿ ಹಾಕಿ' ಅಂತ. ಅಮೈನೋ ಆಸಿಡ್, ಲವಣ, ಗ್ಲುಕೋಸ್, ಬಿ ವಿಟಮಿನ್ ಸೇರಿದ ಹಳದಿ ನೀರಾದರಂತೂ ನಂಬಿಕೆ ಹೆಚ್ಚು. ನಮ್ಮ ಹಟ್ಟಿಯಲ್ಲಿ ಖಾಲಿಯಾದ ಬಾಟ್ಲಿಯ ಲೇಬಲ್ ಹಿಡಿದು ನಾನು ಲೆಕ್ಕ ಹಾಕಿದೆ. ಗ್ಲುಕೋಸ್ ಶೇ. 5. ಅಂದರೆ 500 ಮಿ.ಲೀ.ಯಲ್ಲಿ 25 ಗ್ರಾಂ, ಒಂದು ಸಣ್ಣ ತುಂಡು ಬೆಲ್ಲ! ಅಮೈನೋ ಆಸಿಡ್ ಬರೇ ಮಿಲಿಗ್ರಾಂ ಲೆಕ್ಕದಲ್ಲಿ. ಹತ್ತು ಲೀಟರ್ ಕರೆಯುವ ದನ ಹಾಲಿನಲ್ಲೇ ದಿನಕ್ಕೆ 300 ಗ್ರಾಂ ಮಿಕ್ಕಿ ಪ್ರೊಟೀನ್ ಹೊರಗೆ ಕೊಡುತ್ತದೆ. ಹಿಂಡಿ, ಹುಲ್ಲಿನ ಜಾಗಕ್ಕೆ ಬಾಟ್ಲಿ ಬಾರದು.

ಭೇದಿಯಾದ ಕರುವಿನ ಮಾತೇ ಬೇರೆ. ಅದು ಸಾಯುವುದು ಹೆಚ್ಚಾಗಿ ಮೈಯ ನೀರು, ಉಪ್ಪು ಹೋಗಿ. ಚೀಪುವಷ್ಟು ತ್ರಾಣವಿದ್ದರೆ ಬೆಚ್ಚಗಿನ ನೀರಲ್ಲಿ ಓಆರ್‌ಎಸ್ ಕಲಸಿ ಕುಡಿಸಿ, ಹಾಲನ್ನೂ ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದಿದೆ, ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ, ಬಾಯಿಗೆ ಬೆರಳಿಟ್ಟರೆ ತಣ್ಣಗಿದೆ, ಚೀಪುವುದಿಲ್ಲ ಎಂದಾದರೆ ಕೂಡಲೇ ಡಾಕ್ಟ್ರನ್ನು ಕರೆಸಿ. ಆಗ ನರಕ್ಕೆ ಕೊಡುವ ನೀರೇ ಜೀವ. 30 ಕಿಲೊ ಕರು ತೂಕದ ನೂರಕ್ಕೆ ಹತ್ತರಷ್ಟು ನೀರು ಕಳಕೊಂಡಿದ್ದರೆ ತುಂಬಬೇಕಾದ್ದು 3 ಲೀಟರ್. ಅರ್ಧ ಲೀಟರ್ ಬಾಟ್ಲಿ ಒಂದು ಹಾಕಿಸಿ ಸುಮ್ಮನೆ ಕೂತರಾಗದು.

ಕರು ಹಾಕಿ ಎರಡು-ಮೂರು ದಿನದೊಳಗೆ ದನ ಕುತ್ತಿಗೆಯನ್ನು ಪಕ್ಕೆಗೆ ಒರಗಿಸಿ ಮಲಗಿಬಿಟ್ಟರೆ ಹೆಚ್ಚಾಗಿ ಅದು ಹಾಲುಜ್ವರ. ಅಲ್ಲಿ ಈ ಹಳದಿ ನೀರು ಪ್ರಯೋಜನಕ್ಕಿಲ್ಲ, ಕ್ಯಾಲ್ಸಿಯಮ್ಮೇ ಬೇಕು. ಅದನ್ನು ಡಾಕ್ಟ್ರು ಎದೆಬಡಿತ ಕೇಳುತ್ತಾ ನಿಧಾನ ಬಿಡುತ್ತಾರೆ. ಅವಸರ ಮಾಡಿದರೆ ಹೃದಯ ನಿಂತೀತು. ಬಾಟ್ಲಿಯನ್ನು ಬಿಸಿನೀರಲ್ಲಿಟ್ಟು ಮೈಬಿಸಿಗೆ ತಂದುಕೊಡುವಷ್ಟೇ ನಮ್ಮ ಕೆಲಸ.