ಲ್ಯಾಟಿನ್ ಕಲಿಯಲು ಕನ್ನಡ ವ್ಯಾಕರಣವೇ ಮೆಟ್ಟಿಲು

ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ 'ಬಿ.ಡಿ.' ಎಂದಿದ್ದರೆ ಮಾತ್ರೆಯನ್ನು ದಿನಕ್ಕೆರಡು ಬಾರಿ ನುಂಗಬೇಕು. 'ಎ.ಸಿ.' ಎಂದಿದ್ದರೆ ಊಟಕ್ಕೆ ಮುಂಚೆ, 'ಪಿ.ಸಿ.' ಎಂದಿದ್ದರೆ ಊಟವಾದ ಮೇಲೆ. ಗಡಿಯಾರ ನೋಡಿ ಹೇಳುವ ಎ.ಎಂ., ಪಿ.ಎಂ., ಉಚ್ಚ ನ್ಯಾಯಾಲಯದ ಸುದ್ದಿಗಳಲ್ಲಿ ಬರುವ ಹೇಬಿಯಸ್ ಕಾರ್ಪಸ್, ಜೀವಶಾಸ್ತ್ರದ ಪಠ್ಯದಲ್ಲಿ ಮಾವಿನ ಮರಕ್ಕಿರುವ ಮ್ಯಾಂಜಿಫೆರಾ ಇಂಡಿಕಾ ಎಂಬ ಹೆಸರು, ಇವೆಲ್ಲ ಲ್ಯಾಟಿನ್ ಭಾಷೆಯವು. ವೈದ್ಯಕೀಯ, ಕಾನೂನು, ಸಸ್ಯಶಾಸ್ತ್ರ ಓದುವ ವಿದ್ಯಾರ್ಥಿಗಳು ಇಂಥ ನೂರಾರು ಪದಗಳನ್ನು ಅರ್ಥ ತಿಳಿಯದೆ ಉರು ಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಒಂದಕ್ಷರ ತಪ್ಪಿದರೆ ಅಂಕವೂ ಹೋಗುತ್ತದೆ. ಆ ಪದಗಳ ಹಿಂದಿರುವ ವ್ಯಾಕರಣದ ಮೊದಲ ಪಾಠಗಳನ್ನು ಕಲಿತರೆ ಈ ಕಷ್ಟ ಎಷ್ಟೋ ಹಗುರವಾಗುತ್ತದೆ. ಕನ್ನಡ ಬಲ್ಲವರಿಗೆ ಆ ಪಾಠಗಳು ಅಂದುಕೊಂಡಷ್ಟು ಅಪರಿಚಿತವೂ ಅಲ್ಲ.

ಇಟಲಿಯಲ್ಲಿ ರೋಮ್ ನಗರದ ಸುತ್ತಣ ಲೇಷಿಯಂ ಎಂಬ ಸೀಮೆಯ ಭಾಷೆ ಲ್ಯಾಟಿನ್. ರೋಮನ್ನರ ಸಾಮ್ರಾಜ್ಯ ಹಬ್ಬಿದಂತೆ ಭಾಷೆಯೂ ಹಬ್ಬಿತು. ಜನರ ಬಾಯಲ್ಲಿ ಅದು ಬದಲಾಗುತ್ತ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ರುಮೇನಿಯನ್ ಭಾಷೆಗಳಾಯಿತು. ಆದರೆ ವಿದ್ವಾಂಸರ ಬರವಣಿಗೆಯಲ್ಲಿ ಮೂಲರೂಪ ಶತಮಾನಗಳ ಕಾಲ ಉಳಿಯಿತು. ನ್ಯೂಟನ್ 1687ರಲ್ಲಿ ಪ್ರಕಟಿಸಿದ 'ಪ್ರಿನ್ಸಿಪಿಯಾ' ಲ್ಯಾಟಿನ್ ಗ್ರಂಥ. ಕ್ರೈಸ್ತ ಧರ್ಮಸಭೆಯ ಭಾಷೆಯೂ ಅದೇ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ದೇಶಭಾಷೆಗಳಿಗೆ ಬಾಗಿಲು ತೆರೆಯುವ ತನಕ ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲೂ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿಯೇ.

ವಿಭಕ್ತಿಯ ಬೀಗದ ಕೈ

ಇಂಗ್ಲಿಷಿನ ಹಾದಿಯಿಂದ ಲ್ಯಾಟಿನ್ನಿಗೆ ಬರುವವರು ಮೊದಲು ಎಡವುವುದು ವಿಭಕ್ತಿಯಲ್ಲಿ. ಇಂಗ್ಲಿಷಿನಲ್ಲಿ ಯಾರು ಯಾರನ್ನು ನೋಡಿದರೆಂಬುದನ್ನು ಪದಗಳ ಸ್ಥಾನ ಹೇಳುತ್ತದೆ. ಲ್ಯಾಟಿನ್ನಿನಲ್ಲಿ ಅದನ್ನು ಹೇಳುವುದು ಪದದ ಕೊನೆ. 'ಅಗ್ರಿಕೊಲ ಪುಎಲ್ಲಮ್ ವಿದೆತ್' ಎಂದರೆ ರೈತನು ಹುಡುಗಿಯನ್ನು ನೋಡುತ್ತಾನೆ. 'ಪುಎಲ್ಲಮ್ ಅಗ್ರಿಕೊಲ ವಿದೆತ್' ಎಂದು ಪದಗಳನ್ನು ಅದಲುಬದಲು ಮಾಡಿದರೂ ಅರ್ಥ ಅದೇ. 'ಹುಡುಗಿಯನ್ನು ರೈತನು ನೋಡುತ್ತಾನೆ' ಎಂದಾಗ ಕನ್ನಡದಲ್ಲೂ ಆಗುವುದು ಇಷ್ಟೇ. ಕನ್ನಡದ 'ಅನ್ನು' ಮಾಡುವ ಕೆಲಸವನ್ನು ಅಲ್ಲಿ 'ಮ್' ಮಾಡುತ್ತದೆ.

ಪ್ರೌಢಶಾಲೆಯಲ್ಲಿ 'ಪ್ರಥಮಾ – ಉ, ದ್ವಿತೀಯಾ – ಅನ್ನು' ಎಂದು ಬಾಯಿಪಾಠ ಮಾಡಿದವರಿಗೆ ಲ್ಯಾಟಿನ್ನಿನ ವಿಭಕ್ತಿಗಳ ಪಟ್ಟಿ ಹಳೆಯ ಸ್ನೇಹಿತನಂತೆ ಕಾಣುತ್ತದೆ. ನಾಮಿನೇಟಿವ್ ಎಂದರೆ ಪ್ರಥಮಾ, ಅಕ್ಯುಸೇಟಿವ್ ಎಂದರೆ ದ್ವಿತೀಯಾ, ಡೇಟಿವ್ ಎಂದರೆ ಚತುರ್ಥೀ, ಜೆನಿಟಿವ್ ಎಂದರೆ ಷಷ್ಠೀ, ವೊಕೇಟಿವ್ ಎಂದರೆ ಸಂಬೋಧನೆ. ಉಳಿದದ್ದು ಅಬ್ಲೇಟಿವ್. ಇದು ತೃತೀಯಾ ಮತ್ತು ಪಂಚಮೀ ಎರಡರ ಕೆಲಸವನ್ನೂ ಮಾಡುತ್ತದೆ. 'ಗ್ಲದಿಯೋ' ಎಂದರೆ ಕತ್ತಿಯಿಂದ, 'ರೋಮಾ' ಎಂದರೆ ರೋಮಿನಿಂದ. ಇಂಗ್ಲಿಷ್ ಮಾತನಾಡುವ ಮಕ್ಕಳಿಗೆ ಇದು ಒಗಟು. ಕನ್ನಡದ ಮಕ್ಕಳು 'ಕತ್ತಿಯಿಂದ ಕಡಿ', 'ಊರಿನಿಂದ ಬಾ' ಎಂದು ಎರಡು ಕಡೆಯೂ 'ಇಂದ' ಬಳಸುತ್ತಲೇ ಬೆಳೆದಿರುತ್ತಾರೆ.

ಕ್ರಿಯಾಪದದ ಬಾಲ

ಕ್ರಿಯಾಪದದಲ್ಲೂ ಇದೇ ಅನುಕೂಲವಿದೆ. 'ಹೊರುತ್ತೇನೆ' ಎಂದ ಮೇಲೆ 'ನಾನು' ಎಂದು ಬೇರೆ ಹೇಳಬೇಕಿಲ್ಲ. ಹಾಗೆಯೇ ಪೊರ್ತೋ (ಹೊರುತ್ತೇನೆ), ಪೊರ್ತಾಸ್ (ಹೊರುತ್ತೀಯೆ), ಪೊರ್ತತ್ (ಹೊರುತ್ತಾನೆ, ಹೊರುತ್ತಾಳೆ, ಹೊರುತ್ತದೆ), ಪೊರ್ತಾಮುಸ್ (ಹೊರುತ್ತೇವೆ), ಪೊರ್ತಾತಿಸ್ (ಹೊರುತ್ತೀರಿ), ಪೊರ್ತಂತ್ (ಹೊರುತ್ತಾರೆ). ರೈಲು ನಿಲ್ದಾಣದ ಪೋರ್ಟರ್, ಸರಕು ಸಾಗಿಸುವ ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಎಕ್ಸ್‌ಪೋರ್ಟ್ ಎಲ್ಲವೂ ಈ ಒಂದೇ ಧಾತುವಿನ ಮಕ್ಕಳು. ಹಳಗನ್ನಡದಲ್ಲಿ 'ಹೊರು' ಎಂಬುದು 'ಪೊಱು' ಆಗಿತ್ತೆಂಬುದನ್ನು ಕಂಡು ಹಿಗ್ಗುವಂತಿಲ್ಲ. ಕನ್ನಡ ದ್ರಾವಿಡ ಭಾಷೆ, ಲ್ಯಾಟಿನ್ ಇಂಡೋ-ಯುರೋಪಿಯನ್ ಭಾಷೆ. ಈ ಹೋಲಿಕೆ ಬರೀ ಆಕಸ್ಮಿಕ. ನಿಜವಾದ ನೆಂಟಸ್ತನವಿರುವುದು ಸಂಸ್ಕೃತದೊಂದಿಗೆ. ಅಗ್ನಿಗೆ 'ಇಗ್ನಿಸ್', ಸಪ್ತಕ್ಕೆ 'ಸೆಪ್ತೆಮ್', ಮಾತೃವಿಗೆ 'ಮಾತೆರ್', ಅಸ್ತಿಗೆ 'ಎಸ್ತ್'. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣ ಈ ನಂಟಿನತ್ತ ವಿದ್ವಾಂಸರ ಗಮನ ಸೆಳೆಯಿತು.

ನ್ಯಾಯಾಲಯದ ಒಂದು ರಿಟ್‌ಗೆ 'ಮ್ಯಾಂಡಮಸ್' ಎಂಬ ಹೆಸರಿದೆ. ಕೊನೆಯ 'ಮುಸ್' ಗುರುತಿಸಬಲ್ಲವರಿಗೆ ಅದರ ಅರ್ಥ ಹೊಳೆದುಬಿಡುತ್ತದೆ: ನಾವು ಆಜ್ಞಾಪಿಸುತ್ತೇವೆ. ಅಧಿಕಾರಿ ಮಾಡಲೇಬೇಕಾದ ಕೆಲಸವನ್ನು ಮಾಡೆಂದು ನ್ಯಾಯಾಲಯ ಆಜ್ಞಾಪಿಸುವ ರಿಟ್ ಅದು. ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ಹ್ರಸ್ವ ದೀರ್ಘದ ಭೇದ

ಲ್ಯಾಟಿನ್ನಿನಲ್ಲಿ ಸ್ವರದ ಉದ್ದ ಅರ್ಥವನ್ನೇ ಬದಲಿಸುತ್ತದೆ. 'ಮಲುಮ್' ಎಂದರೆ ಕೆಡುಕು, 'ಮಾಲುಮ್' ಎಂದರೆ ಸೇಬು. 'ಲಿಬೆರ್' ಪುಸ್ತಕ, 'ಲೀಬೆರ್' ಸ್ವತಂತ್ರ. ರೋಮನ್ ಲಿಪಿಯಲ್ಲಿ ಈ ಭೇದ ಕಾಣಿಸದ ಕಾರಣ ಕಲಿಕೆಯ ಪುಸ್ತಕಗಳಲ್ಲಿ ದೀರ್ಘಾಕ್ಷರದ ನೆತ್ತಿಯ ಮೇಲೆ ಅಡ್ಡಗೆರೆ ಎಳೆದಿರುತ್ತಾರೆ. ಕನ್ನಡದ ವಿದ್ಯಾರ್ಥಿ ಪದವನ್ನು ತನ್ನ ಲಿಪಿಯಲ್ಲೊಮ್ಮೆ ಬರೆದುಕೊಂಡರೆ ಸಾಕು. ಉಚ್ಚಾರಣೆಯಲ್ಲಿ ಎರಡು ಸಂಪ್ರದಾಯಗಳಿವೆ. ಪ್ರಸಿದ್ಧ ವಾಗ್ಮಿಯ ಹೆಸರು ಪ್ರಾಚೀನ ರೋಮನ್ನರ ಉಚ್ಚಾರದಲ್ಲಿ ಕಿಕೆರೊ, ಚರ್ಚಿನ ಉಚ್ಚಾರದಲ್ಲಿ ಚಿಚೆರೊ. ಮೊದಲೇ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುವುದು ಲೇಸು.

ಎಡವುವ ಜಾಗಗಳು

ಎಲ್ಲ ಕಡೆಯೂ ಕನ್ನಡ ಕೈಹಿಡಿಯುವುದಿಲ್ಲ. ಕನ್ನಡದಲ್ಲಿ ಮರ, ಕಲ್ಲು, ಪುಸ್ತಕ ಎಲ್ಲವೂ ನಪುಂಸಕ ಲಿಂಗ. ಲ್ಯಾಟಿನ್ನಿನಲ್ಲಿ ನಿರ್ಜೀವ ವಸ್ತುಗಳಿಗೂ ಸಂಸ್ಕೃತದಂತೆ ಮೂರು ಲಿಂಗಗಳಲ್ಲಿ ಒಂದಿರುತ್ತದೆ. ಜೊತೆಗೆ ಗುಣವಾಚಕವೂ ನಾಮಪದದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಬೇಕು. ಕನ್ನಡದ 'ಒಳ್ಳೆಯ' ಎಲ್ಲಿಯೂ ಬದಲಾಗದು. ಅಲ್ಲಿ ಒಳ್ಳೆಯ ರೈತ 'ಬೊನುಸ್', ಒಳ್ಳೆಯ ಹುಡುಗಿ 'ಬೊನ', ಒಳ್ಳೆಯ ವಸ್ತು 'ಬೊನುಮ್'. ಶ್ರೀಗಂಧ ಸ್ಯಾಂಟಲಂ ಆಲ್ಬಂ ಆದದ್ದೂ ಮಾವು ಮ್ಯಾಂಜಿಫೆರಾ ಇಂಡಿಕಾ ಆದದ್ದೂ ಹೀಗೆ. ಅಶ್ವತ್ಥದ ಹೆಸರು ಫೈಕಸ್ ರಿಲಿಜಿಯೋಸಾ. ಮೊದಲ ಪದದ ಕೊನೆಗೂ ಎರಡನೆಯದರ ಕೊನೆಗೂ ಹೊಂದಿಕೆಯಿಲ್ಲವಲ್ಲ ಎನ್ನಿಸಬಹುದು. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಗುಣವಾಚಕ ಅನುಸರಿಸುವುದು ಲಿಂಗವನ್ನು, ಪ್ರಾಸವನ್ನಲ್ಲ.

ಇನ್ನೊಂದು ತೊಡಕು, ಒಂದೇ ರೂಪಕ್ಕೆ ಹಲವು ಅರ್ಥಗಳಿರುವುದು. 'ಪುಎಲ್ಲೈ' ಎಂದರೆ ಹುಡುಗಿಯ, ಹುಡುಗಿಗೆ ಅಥವಾ ಹುಡುಗಿಯರು. ವಾಕ್ಯವನ್ನು ಪೂರ್ತಿ ಓದದೆ ನಿರ್ಧರಿಸಲಾಗದು. ನಿಘಂಟು ನೋಡುವುದಕ್ಕೂ ಅಭ್ಯಾಸ ಬೇಕು. 'ಕೊರ್ಪುಸ್' (ದೇಹ) ಎಂಬುದರ ಪಕ್ಕದಲ್ಲೇ 'ಕೊರ್ಪೊರಿಸ್' ಎಂಬ ಷಷ್ಠೀ ರೂಪವನ್ನೂ ಕೊಟ್ಟಿರುತ್ತಾರೆ. ಪದದ ನಿಜವಾದ ಪ್ರಕೃತಿ ಕಾಣುವುದು ಈ ಎರಡನೆಯದರಲ್ಲಿ. ಕಾರ್ಪೊರೇಷನ್ ಎಂಬ ಮಾತು ಬಂದದ್ದೂ ಆ ರೂಪದಿಂದಲೇ. ಆದ್ದರಿಂದ ಪ್ರತಿ ನಾಮಪದವನ್ನೂ ಷಷ್ಠೀ ರೂಪ ಮತ್ತು ಲಿಂಗದೊಂದಿಗೇ ಕಲಿಯಬೇಕು.

ಏನು ಪ್ರಯೋಜನ?

ತಂದೆ-ತಾಯಿಯರ ಪ್ರಶ್ನೆ ಸಹಜವಾದದ್ದೇ. ಲ್ಯಾಟಿನ್ನಿನಿಂದ ನೇರವಾಗಿ ಸಿಗುವ ಉದ್ಯೋಗಗಳು ಬಹಳ ಕಡಿಮೆ. ಹೊಸ ಸಸ್ಯವನ್ನು ವರ್ಣಿಸಲು ಲ್ಯಾಟಿನ್ ಕಡ್ಡಾಯವೆಂಬ ನಿಯಮ ಕೂಡ 2012ರ ಜನವರಿ 1ರಿಂದ ಸಡಿಲಗೊಂಡು, ಇಂಗ್ಲಿಷಿನಲ್ಲೂ ಬರೆಯಲು ಅವಕಾಶವಾಯಿತು. ಹೆಸರು ಮಾತ್ರ ಇಂದಿಗೂ ಲ್ಯಾಟಿನ್ ರೂಪದಲ್ಲೇ ಇರಬೇಕು. ಅಂಕ ಗಳಿಕೆಯ ಅಡ್ಡದಾರಿಯೆಂದು ಮಕ್ಕಳನ್ನು ಇದಕ್ಕೆ ತಳ್ಳಿದರೆ ನಿರಾಸೆ ಖಂಡಿತ. ಆದರೆ 'ಬ್ಯಾಕ್ಟೀರಿಯಾ' ಬಹುವಚನ, ಅದರ ಏಕವಚನ 'ಬ್ಯಾಕ್ಟೀರಿಯಂ'. 'ಅಲಮ್ನೈ' ಎಂದರೆ ಹಳೆಯ ವಿದ್ಯಾರ್ಥಿಗಳು, ಒಬ್ಬನೇ ಆದರೆ 'ಅಲಮ್ನಸ್', ಒಬ್ಬಳೇ ಆದರೆ 'ಅಲಮ್ನಾ' ಎಂಬ ತಿಳಿವು ಓದಿನುದ್ದಕ್ಕೂ ಜೊತೆಗಿರುತ್ತದೆ. ಪದವನ್ನು ನುಂಗುವ ಬದಲು ಬಿಡಿಸಿ ನೋಡುವ ಅಭ್ಯಾಸ ಬೆಳೆಯುತ್ತದೆ.

ಆರಂಭಿಸುವುದು ಹೇಗೆ?

ನಾಮಪದಗಳಲ್ಲಿ ಐದು ಗುಂಪುಗಳಿವೆ, ಕ್ರಿಯಾಪದಗಳಲ್ಲಿ ನಾಲ್ಕು. ಅಷ್ಟನ್ನೂ ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡಹೊರಟು ಕೈಬಿಟ್ಟವರು ಅನೇಕರು. ನಾಮಪದದ ಮೊದಲೆರಡು ಗುಂಪು, ಕ್ರಿಯಾಪದದ ಒಂದು ಗುಂಪು, ವರ್ತಮಾನಕಾಲ, ಇಷ್ಟರಲ್ಲೇ ಸಣ್ಣಪುಟ್ಟ ವಾಕ್ಯಗಳನ್ನು ಓದಬಹುದು. ದಿನಕ್ಕೆ ಅರ್ಧ ಗಂಟೆಯಂತೆ ತಪ್ಪದೆ ಓದುವುದು ವಾರಕ್ಕೊಮ್ಮೆ ನಾಲ್ಕು ಗಂಟೆ ಕೂರುವುದಕ್ಕಿಂತ ಮೇಲು. ನಿಯಮ ಮೊದಲು, ಅಭ್ಯಾಸ ಆಮೇಲೆ ಎಂಬ ಕ್ರಮ ಇಷ್ಟಪಡುವವರಿಗೆ 1956ರಲ್ಲಿ ಮೊದಲು ಪ್ರಕಟವಾದ ವೀಲಾಕ್ ಅವರ ಪಠ್ಯವಿದೆ. ಕತೆ ಓದುತ್ತ ನಿಯಮ ತಿಳಿಯಬಯಸುವವರಿಗೆ ಪೂರ್ತಿ ಲ್ಯಾಟಿನ್ನಿನಲ್ಲೇ ಇರುವ ಅರ್ಬರ್ಗ್ ಅವರ 'ಲಿಂಗ್ವಾ ಲ್ಯಾಟಿನಾ' ಇದೆ.

ಇದೆಲ್ಲಕ್ಕೂ ಮುಂಚೆ ಮನೆಯಲ್ಲೇ ಮಾಡಬಹುದಾದ ಸಿದ್ಧತೆಯೊಂದುಂಟು. 'ಇದರಿಂದೇನು ಲಾಭ' ಎಂದು ಮೂಲೆಗೆ ತಳ್ಳಿದ ಕನ್ನಡ ವ್ಯಾಕರಣದ ಪುಸ್ತಕವನ್ನು ಹೊರತೆಗೆದು, ವಿಭಕ್ತಿ ಪ್ರತ್ಯಯಗಳ ಪಾಠವನ್ನು ಮಕ್ಕಳಿಂದ ಇನ್ನೊಮ್ಮೆ ಓದಿಸುವುದು. ಅಲ್ಲಿ 'ಇಂದ' ಎಂಬುದನ್ನು ಅರ್ಥಮಾಡಿಕೊಂಡ ಮಗು ಅಬ್ಲೇಟಿವ್ ಎಂಬ ಹೆಸರಿಗೆ ಹೆದರುವುದಿಲ್ಲ.