ಜೋಡಿಸಿ ನಿಲ್ಲಿಸುವ ಉಕ್ಕಿನ ಕಾರಖಾನೆಗಳು

ಬಿಡಿಭಾಗಗಳನ್ನು ಮೊದಲೇ ಸಿದ್ಧಪಡಿಸಿ, ತರುವಾಯ ಕೂಡಿಸಿ ಕಟ್ಟಡವನ್ನು ನಿಲ್ಲಿಸುವ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ. ಲಕ್ಕುಂಡಿ, ಲಕ್ಷ್ಮೇಶ್ವರಗಳ ಚಾಲುಕ್ಯರ ಕಾಲದ ಗುಡಿಗಳಲ್ಲಿ ಶಿಲ್ಪಿಗಳು ಬಳಪದ ಕಲ್ಲನ್ನು ಅಳತೆಗೆ ಕಡೆದು, ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಹೊಂದಿಸಿದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯ ಎರಕದ ಕಬ್ಬಿಣದ ಭಾಗಗಳು ದೂರದ ಗ್ಲಾಸ್ಗೋ ಪಟ್ಟಣದಲ್ಲಿ ತಯಾರಾಗಿ ಬಂದವು; ಆ ಮನೆಯು ಇಂದಿಗೂ ನಿಂತಿದೆ. ಅದೇ ಕ್ರಮವು ಈಗ ಉಕ್ಕಿನ ರೂಪದಲ್ಲಿ ನಮ್ಮ ಕಾರಖಾನೆಗಳಿಗೆ ಒದಗಿದೆ.

ಗದಗಿನ ಮುದ್ರಣಾಲಯವಾಗಲಿ, ಹತ್ತಿಯ ಜಿನ್ನಾಗಲಿ, ಶಿರಹಟ್ಟಿ-ಮುಂಡರಗಿಗಳಲ್ಲಿ ಟ್ರ್ಯಾಕ್ಟರು ದುರಸ್ತಿಯ ಸಣ್ಣ ಶಾಲೆಯಾಗಲಿ, ಇದರ ಲಾಭಗಳು ಸ್ಪಷ್ಟವಾಗಿವೆ. ಇತ್ತ ನೆಲದಲ್ಲಿ ಅಡಿಪಾಯದ ಕೆಲಸ ನಡೆದಿರುವಾಗಲೇ ಅತ್ತ ಕಂಬ-ತೊಲೆಗಳು ಸಿದ್ಧವಾಗುತ್ತಿರುವುದರಿಂದ ಕಾಲವು ಉಳಿಯುತ್ತದೆ. ನಡುವೆ ಕಂಬಗಳಿಲ್ಲದ ವಿಶಾಲ ಅಂಗಳ ದೊರೆಯುತ್ತದೆ. ಉದ್ಯಮವು ಬೆಳೆದರೆ ಇನ್ನೊಂದು ಅಂಕಣವನ್ನು ಸೇರಿಸಬಹುದು. ಸ್ಥಳ ಬದಲಾದರೆ ಬೋಲ್ಟುಗಳನ್ನು ಬಿಚ್ಚಿ ಸಾಗಿಸಬಹುದು. ಸಾಲ ತೆಗೆದು ಕಾರಖಾನೆ ಹೂಡುವ ಕುಟುಂಬಕ್ಕೆ ಬಡ್ಡಿಯು ಹಣ ಪಡೆದ ದಿನದಿಂದಲೇ ಓಡತೊಡಗುತ್ತದೆ. ಯಂತ್ರವು ಒಂದು ತಿಂಗಳು ಮುಂಚೆ ತಿರುಗಿದರೂ ಅದು ಮನೆಗೆ ದೊಡ್ಡ ಆಸರೆ.

ಆದರೆ ವೇಗವು ದೂರದ ಗಿರಣಿಯಿಂದ ಬರಬಹುದು. ಬಾಳಿಕೆಯು ಮಾತ್ರ ನಮ್ಮ ನೆಲವನ್ನು ಅರಿಯುವುದರಿಂದಲೇ ಬರತಕ್ಕದ್ದು. ನಮ್ಮ ಎರೆಭೂಮಿಯು ಮಳೆಗೆ ಉಬ್ಬಿ, ಬೇಸಗೆಯಲ್ಲಿ ಬಾಯಿಬಿಡುತ್ತದೆ. ಅಡಿಪಾಯವು ಗರಸಿನ ಗಟ್ಟಿ ನೆಲವನ್ನು ಮುಟ್ಟದಿದ್ದರೆ ಕಂಬಗಳು ಓರೆಯಾಗುವವು. ಮಸಾರಿಯಲ್ಲಿ ಈ ಕಾಟ ಕಡಿಮೆ. ಎರಡನೆಯದು ಗಾಳಿ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಹಗುರಾದ ತಗಡಿನ ಮಾಡನ್ನು ಮೇಲಕ್ಕೆಳೆಯುತ್ತದೆ. ಆದುದರಿಂದ ಕಂಬದ ಬುಡದ ಬೋಲ್ಟುಗಳಲ್ಲಿ ಜಿಪುಣತನ ಸಲ್ಲದು.

ಮೂರನೆಯದು ಬಿಸಿಲು. 30 ಮೀಟರ್ ಉದ್ದದ ಉಕ್ಕಿನ ತೊಲೆಯು 30 ಡಿಗ್ರಿ ಶಾಖವೇರಿದಾಗ ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಎಡೆ ಬಿಡಬೇಕು. ಬರಿಯ ತಗಡಿನ ಕೆಳಗೆ ಚೈತ್ರ-ವೈಶಾಖಗಳಲ್ಲಿ ದುಡಿಯುವವರ ಕಷ್ಟವನ್ನು ಹೇಳಬೇಕಾಗಿಲ್ಲ. ಬೆಟಗೇರಿಯ ನೇಕಾರರು ಬಲ್ಲಂತೆ, ಒಣಹವೆಯಲ್ಲಿ ಹತ್ತಿಯ ನೂಲು ಬೇಗ ಹರಿಯುತ್ತದೆ. ಮಗ್ಗದ ಮನೆಗೆ ಬರಿಯ ತಗಡು ಹೊಂದದು. ಮಾಡಿನಡಿಯಲ್ಲಿ ಶಾಖ ತಡೆಯುವ ಪದರವೂ, ನೆತ್ತಿಯಲ್ಲಿ ಗಾಳಿಗಂಡಿಯೂ ಅವಶ್ಯ. ಇನ್ನು ಬೆಂಕಿ: ಉಕ್ಕು ಉರಿಯದು ನಿಜ, ಆದರೆ 600 ಡಿಗ್ರಿಯ ಶಾಖದಲ್ಲಿ ಅದರ ಬಲದ ಅರ್ಧಕ್ಕಿಂತ ಹೆಚ್ಚು ಪಾಲು ಕುಗ್ಗುತ್ತದೆ. ಹತ್ತಿ, ಕಾಗದಗಳನ್ನು ತುಂಬುವವರು ಇದನ್ನು ಮರೆಯಬಾರದು.

ಆದಕಾರಣ ಕರಾರಿಗೆ ರುಜು ಹಾಕುವ ಮುನ್ನ, ಚದರಡಿಯ ದರವನ್ನಷ್ಟೇ ಕೇಳದೆ, ಮಣ್ಣಿನ ಪರೀಕ್ಷೆ ಆಗಿದೆಯೇ, ಗಾಳಿಯ ಲೆಕ್ಕ ಹಾಕಿದ್ದಾರೆಯೇ, ಮಾಡಿನ ಪದರ ದರದಲ್ಲಿ ಸೇರಿದೆಯೇ ಎಂದು ಮನೆಯವರೆಲ್ಲ ಕೂಡಿ ವಿಚಾರಿಸುವುದು ಒಳಿತು. ಕಟ್ಟಡವು ಯಂತ್ರಗಳಿಗೆ ನೆರಳಾದಂತೆ ದುಡಿಯುವ ಮಕ್ಕಳಿಗೂ ನೆರಳಾಗಬೇಕಷ್ಟೆ.