ಲಿನಕ್ಸ್ ಬಳಕೆದಾರರಿಗೆ ತಂತ್ರಾಂಶ ತಲಪುವ ಬಗೆ

ನೀವು ಒಂದು ತಂತ್ರಾಂಶ ಬರೆದಿದ್ದೀರಿ ಎಂದುಕೊಳ್ಳಿ. ಅದನ್ನು ಲಿನಕ್ಸ್ ಬಳಸುವ ಎಲ್ಲರಿಗೂ ತಲಪಿಸುವುದು ಹೇಗೆ? ಈ ಪ್ರಶ್ನೆ ಲಿನಕ್ಸ್‌ನ ಜನಕರಾದ ಲೈನಸ್ ಟೋರ್ವಾಲ್ಡ್ಸ್ ಅವರನ್ನೂ ಕಾಡಿದೆ.

ಟೋರ್ವಾಲ್ಡ್ಸ್ ಅವರಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವ ಹವ್ಯಾಸವಿದೆ. ಇಳಿದ ಆಳ, ಕಳೆದ ಸಮಯ ಮೊದಲಾದವುಗಳನ್ನು ದಾಖಲಿಸಲು ಅವರು 2011ರಲ್ಲಿ ‘ಸಬ್‌ಸರ್ಫೇಸ್’ ಎಂಬ ತಂತ್ರಾಂಶವನ್ನು ಆರಂಭಿಸಿದರು. 2014ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಡೆಬಿಯನ್ ಸಮಾವೇಶದಲ್ಲಿ, ವಿಂಡೋಸ್ ಮತ್ತು ಮ್ಯಾಕ್ ಗಣಕಗಳಿಗೆ ಅದರ ಸಿದ್ಧ ಕಡತ ಕೊಡುತ್ತೇವೆ, ಲಿನಕ್ಸಿಗೆ ಮಾತ್ರ ಕೊಡುವುದಿಲ್ಲ, ಅದು ಅಷ್ಟು ತ್ರಾಸದ ಕೆಲಸ ಎಂದು ಅವರು ಹೇಳಿದರು.

ಇದಕ್ಕೆ ಕಾರಣವಿದೆ. ಲಿನಕ್ಸ್ ಎಂಬುದು ಮೂಲತಃ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ಅದರ ಸುತ್ತ ಡೆಬಿಯನ್, ಫೆಡೋರಾ, ಉಬುಂಟು ಮುಂತಾದ ‘ವಿತರಣೆ’ಗಳು ಬೆಳೆದಿವೆ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಗಳ ಆವೃತ್ತಿ ಒಂದೊಂದರಲ್ಲಿ ಒಂದೊಂದು. ಡೆಬಿಯನ್‌ನ ಪೊಟ್ಟಣದ ರೂಪವೇ ಬೇರೆ, ಫೆಡೋರಾದ್ದೇ ಬೇರೆ.

ಹಳೆಯ ಮಾರ್ಗದಲ್ಲಿ ಲೇಖಕನು ಮೂಲಸಂಕೇತವನ್ನು ಪ್ರಕಟಿಸುತ್ತಾನೆ. ಪ್ರತಿ ವಿತರಣೆಯ ನಿರ್ವಾಹಕರು ಅದನ್ನು ಪಡೆದು, ತಮ್ಮ ವ್ಯವಸ್ಥೆಗೆ ಹೊಂದಿಸಿ, ಭಂಡಾರಕ್ಕೆ ಸೇರಿಸುತ್ತಾರೆ. 2014ರಲ್ಲಿ ಓಪನ್ ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಲೋಪ ಬಯಲಾದಾಗ ಇದರ ಪ್ರಯೋಜನ ಕಂಡುಬಂತು: ಒಂದು ಲೈಬ್ರರಿಯನ್ನು ಬದಲಿಸಿದರೆ ಅದನ್ನು ಹಂಚಿಕೊಂಡ ತಂತ್ರಾಂಶಗಳಿಗೆಲ್ಲ ಪರಿಹಾರ ದೊರೆಯಿತು. ಆದರೆ ಡೆಬಿಯನ್‌ನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿಯವರೆಗೆ ಲೇಖಕನ ಹೊಸ ಸುಧಾರಣೆಗಳು ಕಾಯಬೇಕು.

ಹೊಸ ಮಾರ್ಗದಲ್ಲಿ ಬುತ್ತಿಯನ್ನು ಜೊತೆಗೇ ಕಟ್ಟಿಕೊಡುತ್ತಾರೆ. ‘ಆಪ್‌ಇಮೇಜ್’ ಎಂಬುದು ಬೇಕಾದ ಹೆಚ್ಚಿನ ಲೈಬ್ರರಿಗಳನ್ನು ಒಳಗೊಂಡ ಒಂದೇ ಕಡತ. ಅದನ್ನು ಇಳಿಸಿಕೊಂಡು ಚಲಾಯಿಸಲು ಅನುಮತಿ ಕೊಟ್ಟರಾಯಿತು. ಸಬ್‌ಸರ್ಫೇಸ್ ಕೂಡ ಮುಂದೆ ಈ ದಾರಿ ಹಿಡಿಯಿತು. ‘ಫ್ಲಾಟ್‌ಪ್ಯಾಕ್’ ಮತ್ತು ‘ಸ್ನ್ಯಾಪ್’ ಪೊಟ್ಟಣಗಳು ತಂತ್ರಾಂಶದ ಸುತ್ತ ಬೇಲಿಯನ್ನೂ ಹಾಕುತ್ತವೆ. ಬೇಲಿ ಎಷ್ಟು ಬಿಗಿ ಎಂಬುದು ಅದಕ್ಕೆ ಕೊಟ್ಟ ಅನುಮತಿಗಳನ್ನು ಅವಲಂಬಿಸಿದೆ.

ಇಲ್ಲಿ ಮಧ್ಯದ ನಿರ್ವಾಹಕರಿಲ್ಲ. ಬುತ್ತಿಯೊಳಗಿನ ಲೈಬ್ರರಿಯಲ್ಲಿ ದೋಷ ಕಂಡರೆ ಲೇಖಕನೇ ಹೊಸ ಪೊಟ್ಟಣ ಕಟ್ಟಬೇಕು. ವಂಚಕರಿಗೂ ದಾರಿ ಸುಲಭ. 2023ರಲ್ಲಿ ಸ್ನ್ಯಾಪ್ ಮಳಿಗೆಯಲ್ಲಿ ಕ್ರಿಪ್ಟೋ ಹಣ ಕದಿಯುವ ನಕಲಿ ತಂತ್ರಾಂಶಗಳು ಸೇರಿಕೊಂಡವು. ಅದನ್ನು ನಡೆಸುವ ಕೆನಾನಿಕಲ್ ಸಂಸ್ಥೆ ಹೊಸ ಹೆಸರುಗಳ ನೋಂದಣಿಯನ್ನು ಸಿಬ್ಬಂದಿಯಿಂದಲೇ ಪರಿಶೀಲಿಸಬೇಕಾಯಿತು.

ಆದ್ದರಿಂದ ಮಾರ್ಗ ಯಾವುದೇ ಇರಲಿ, ತಂತ್ರಾಂಶಕ್ಕೆ ಹೊಣೆ ಯಾರು ಎಂದು ಮೊದಲು ಕೇಳಿ. ಬಳಸುವವರಾದರೆ, ಪೊಟ್ಟಣವನ್ನು ಮೂಲ ಲೇಖಕರೇ ಪ್ರಕಟಿಸಿದ್ದಾರೆಯೇ ಎಂದು ನೋಡಿ. ಬರೆಯುವವರಾದರೆ, ಕಟ್ಟಿಕೊಟ್ಟ ಬುತ್ತಿ ಹಳಸದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸವೇ.